ಗೋಡೆಯ ತೇವಕ್ಕೂ ಮಗುವಿನ ಉಬ್ಬಸಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ನೆಲಮಹಡಿಯ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಪಕ್ಕದ ಕಟ್ಟಡಕ್ಕೂ ನಮ್ಮ ಗೋಡೆಗೂ ಎರಡಡಿ ಅಂತರವಿದೆ. ಮಲಗುವ ಕೋಣೆಯ ಕಿಟಕಿ ಅಲ್ಲಿಗೇ ತೆರೆಯುತ್ತದೆ, ಸೊಳ್ಳೆಯ ಕಾರಣಕ್ಕೆ ಅದನ್ನೂ ಮುಚ್ಚಿಯೇ ಇಡುತ್ತೇವೆ. ಗೋಡೆಯ ಬಣ್ಣ ಮೊಣಕಾಲೆತ್ತರದವರೆಗೆ ಉದುರಿ ಬಿಳಿ ಪುಡಿ ಬರುತ್ತಿದೆ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿದಿದೆ, ಮೇಲಿನ ಮನೆಯ ಬಚ್ಚಲಿನ ಕೆಳಗೆ ನಮ್ಮ ಸೂರಿನಲ್ಲಿ ಒಂದು ಕಲೆ ದೊಡ್ಡದಾಗುತ್ತಿದೆ. ಕಳೆದ ವರ್ಷ ಮಾಲೀಕರು ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರು, ಮಳೆಗಾಲಕ್ಕೆ ಅದೂ ಗುಳ್ಳೆ ಎದ್ದಿತು. ನಾವು ಬಟ್ಟೆಯನ್ನು ಒಳಗೆ ಒಣಗಿಸುವುದೇ ಇದಕ್ಕೆಲ್ಲ ಕಾರಣ ಎಂದು ಅವರು ಹೇಳುತ್ತಾರೆ. ಐದು ವರ್ಷದ ನಮ್ಮ ಮಗನಿಗೆ ಈ ಮನೆಗೆ ಬಂದ ಮೇಲೆ ಕೆಮ್ಮು, ಉಬ್ಬಸ ಶುರುವಾಗಿದೆ. ಮೂರು ಬಾರಿ ನೆಬ್ಯುಲೈಸರ್ ಹಿಡಿಸಿದ್ದೇವೆ. ವೈದ್ಯರು ದಿನವೂ ಇನ್‌ಹೇಲರ್ ಕೊಡಲು ಹೇಳಿದ್ದಾರೆ, ಆದರೆ ಚಟವಾಗುತ್ತದೆ ಎಂದು ಮನೆಯ ಹಿರಿಯರು ಬೇಡ ಎನ್ನುತ್ತಾರೆ. ದಸರಾ ರಜೆಯಲ್ಲಿ ಊರಿನಲ್ಲಿ ಹದಿನೈದು ದಿನ ಇದ್ದಾಗ ಅವನು ಕೆಮ್ಮಲೇ ಇಲ್ಲ. ಕೋಣೆಗೆ ಸಂಜೆ ಸೊಳ್ಳೆ ಬತ್ತಿ ಹಚ್ಚುತ್ತೇವೆ, ಥಂಡಿ ಹೋಗಲೆಂದು ವಾರಕ್ಕೆರಡು ಸಲ ಸಾಂಬ್ರಾಣಿ ಹೊಗೆ ಹಾಕುತ್ತೇವೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಗೋಡೆಯ ಮೇಲಿರುವುದು ಬ್ಲ್ಯಾಕ್ ಫಂಗಸ್ ಇರಬಹುದೇ? ಮನೆ ಬದಲಾಯಿಸಲು ಅಡ್ವಾನ್ಸ್ ಹಣ ಹೊಂದುತ್ತಿಲ್ಲ. ಮಗನನ್ನು ಅಜ್ಜಿಯ ಮನೆಯಲ್ಲೇ ಬಿಡುವುದು ಒಳ್ಳೆಯದೇ?

ಉತ್ತರ: ನೀವು ಕೇಳಿರುವುದು ಗೋಡೆಯ ಬಗ್ಗೆ. ಆದರೆ ಗೋಡೆಗಿಂತ ಮೊದಲು ನಾನು ನಿಮ್ಮ ಬಚ್ಚಲಿನ ಗ್ಯಾಸ್ ಗೀಸರ್ ಬಗ್ಗೆ ಹೇಳಬೇಕು, ಏಕೆಂದರೆ ಉಳಿದೆಲ್ಲ ಕೆಲಸಗಳಿಗೆ ವಾರಗಳ ಕಾಲಾವಕಾಶವಿದ್ದರೆ ಇದಕ್ಕೆ ಒಂದು ದಿನದ ಅವಕಾಶವೂ ಇಲ್ಲ. ಗ್ಯಾಸ್ ಗೀಸರ್ ಉರಿಯುವಾಗ ಬಚ್ಚಲಿನ ಗಾಳಿಯಲ್ಲಿರುವ ಆಮ್ಲಜನಕವನ್ನೇ ಬಳಸಿಕೊಳ್ಳುತ್ತದೆ. ಬಾಗಿಲು ಮುಚ್ಚಿದ, ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತು ಎಂದು ಗೊತ್ತಾಗುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿಯೇ ಉಳಿದಿರುವುದಿಲ್ಲ. ಹೀಗೆ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ಬೆಂಗಳೂರಿನಲ್ಲಿ ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಗೀಸರನ್ನು ಬಚ್ಚಲಿನ ಹೊರಗೆ, ತೆರೆದ ಜಾಗಕ್ಕೆ ಸ್ಥಳಾಂತರಿಸುವುದೇ ಸರಿಯಾದ ಪರಿಹಾರ. ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಮಗುವಿಗೆ ಗೀಸರ್ ಉರಿಯುತ್ತಿರುವಾಗ ಸ್ನಾನ ಮಾಡಿಸುವುದು ಬೇಡವೇ ಬೇಡ.

ಈಗ ಗೋಡೆಯ ವಿಷಯ. ನಿಮ್ಮ ಆತಂಕವನ್ನು ನಾನು ಅರ್ಥಮಾಡಿಕೊಂಡಂತೆ ಅದರಲ್ಲಿ ಎರಡು ಪ್ರಶ್ನೆಗಳಿವೆ: ಮಗುವಿನ ಕಾಯಿಲೆಗೆ ಮನೆ ಕಾರಣವೇ ಎಂಬುದು ಒಂದು, ಕಾರಣವಾಗಿದ್ದರೆ ತಪ್ಪು ನಿಮ್ಮದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಬಹುಮಟ್ಟಿಗೆ ಹೌದು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಇದರ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿದೆ. ಆದರೆ ಒಂದು ಮಗುವಿನ ಮಟ್ಟಿಗೆ ಅಧ್ಯಯನಗಳಿಗಿಂತ ಹೆಚ್ಚು ಮಾತನಾಡುವುದು ಆ ಮಗುವಿನ ಕಾಯಿಲೆಯ ನಡೆ. ಈ ಮನೆಗೆ ಬಂದ ಮೇಲೆ ಶುರುವಾಗಿದೆ, ಊರಿಗೆ ಹೋದರೆ ಇಳಿಯುತ್ತದೆ. ಇಂತಹ ಏರಿಳಿತವನ್ನು ಯಾವ ವೈದ್ಯರೂ ಕಡೆಗಣಿಸಬಾರದು. ಹಾಗೆಂದು ಮನೆಯೊಂದೇ ಕಾರಣ ಎಂದೂ ಹೇಳಲಾಗದು. ಉಬ್ಬಸದ ಪ್ರವೃತ್ತಿ ಮಗುವಿನಲ್ಲಿ ಮೊದಲೇ ಇದ್ದಿರಬಹುದು. ಐದು ವರ್ಷದೊಳಗೆ ವೈರಸ್ ನೆಗಡಿಗಳೇ ಉಬ್ಬಸವನ್ನು ಎಬ್ಬಿಸುವುದು ಸಾಮಾನ್ಯ. ರಜೆಯಲ್ಲಿ ಶಾಲೆಯ ನೆಗಡಿಗಳಿಂದಲೂ ನಗರದ ದಟ್ಟಣೆಯ ಗಾಳಿಯಿಂದಲೂ ಅವನಿಗೆ ಬಿಡುವು ಸಿಕ್ಕಿತ್ತು. ಪ್ರವೃತ್ತಿಯನ್ನು ನಾವು ಬದಲಿಸಲಾರೆವು, ಅದನ್ನು ದಿನವೂ ಕೆಣಕುವ ಮನೆಯನ್ನು ಬದಲಿಸಬಹುದು.

ನಿಮ್ಮ ಗೋಡೆಯ ಕಪ್ಪು ಕಲೆ 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಬ್ಲ್ಯಾಕ್ ಫಂಗಸ್ ಅಲ್ಲ. ಆ ಕಾಯಿಲೆಯ ಹೆಸರು ಮ್ಯೂಕರ್‌ಮೈಕೋಸಿಸ್. ಅದು ಹತೋಟಿ ತಪ್ಪಿದ ಮಧುಮೇಹ, ಹೆಚ್ಚಿನ ಸ್ಟೀರಾಯ್ಡ್ ಬಳಕೆ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರನ್ನು ಹಿಡಿಯುತ್ತದೆ. ಅಲ್ಲಿ ಕಪ್ಪಾಗುವುದು ರಕ್ತ ಸಂಚಾರ ನಿಂತು ಸತ್ತ ಅಂಗಾಂಶವೇ ಹೊರತು ಶಿಲೀಂಧ್ರವಲ್ಲ. ಗೋಡೆಯ ಬೂಷ್ಟು ಬೇರೆ ಜಾತಿಯದು, ಅದು ತೊಂದರೆ ಕೊಡುವ ಬಗೆಯೂ ಬೇರೆ. ಅದರ ಸೂಕ್ಷ್ಮ ಬೀಜಕಣಗಳು ಗಾಳಿಯಲ್ಲಿ ತೇಲಿ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತವೆ. ಬೂಷ್ಟು ಕಪ್ಪೋ ಹಸಿರೋ ಬಿಳಿಯೋ ಎಂದು ಪರೀಕ್ಷೆ ಮಾಡಿಸಲು ಹಣ ಖರ್ಚು ಮಾಡಬೇಡಿ, ಯಾವ ಬಣ್ಣದ್ದಾದರೂ ಚಿಕಿತ್ಸೆ ಒಂದೇ. ಅದೇ ತೇವದಲ್ಲಿ, ನಿಮ್ಮ ಕಣ್ಣಿಗೆ ಕಾಣದೆ, ಹಾಸಿಗೆ ದಿಂಬುಗಳಲ್ಲಿ ಧೂಳಿನ ನುಸಿಗಳೂ ಹೆಚ್ಚುತ್ತವೆ. ಉಬ್ಬಸವಿರುವ ಎಷ್ಟೋ ಮಕ್ಕಳಿಗೆ ಬೂಷ್ಟಿಗಿಂತ ಹೆಚ್ಚು ತೊಂದರೆ ಕೊಡುವುದು ಈ ನುಸಿಗಳೇ.

ಇನ್‌ಹೇಲರ್ ಬಗ್ಗೆ ಮನೆಯ ಹಿರಿಯರಿಗೆ ಇರುವ ಭಯ ನನಗೆ ಹೊಸತಲ್ಲ. ಅದು ಮಗುವಿನ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಇನ್‌ಹೇಲರ್ ಚಟ ಹಿಡಿಸುವ ಔಷಧವಲ್ಲ. ಬಾಯಿಯಿಂದ ನುಂಗುವ ಔಷಧಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು ಅದು ಬೇಕಾದ ಜಾಗಕ್ಕೇ ತಲುಪಿಸುತ್ತದೆ. ಮನೆ ಸರಿಯಾಗುವವರೆಗೆ ಕಾಯೋಣ ಎಂದು ಅದನ್ನು ನಿಲ್ಲಿಸಿದರೆ ನಾಲ್ಕನೆಯ ಸಲವೂ ನೀವು ನೆಬ್ಯುಲೈಸರ್‌ಗೆ ಓಡಬೇಕಾದೀತು. ಇನ್‌ಹೇಲರ್‌ಗೆ ಜೋಡಿಸುವ ಕೊಳವೆಯಂತಹ ಡಬ್ಬಿ, ಅಂದರೆ ಸ್ಪೇಸರ್ ಬಳಸಿ ಕೊಡುವ ಕ್ರಮ ಸರಿಯಿದೆಯೇ ಎಂದು ವೈದ್ಯರ ಎದುರಿಗೇ ಒಮ್ಮೆ ಮಾಡಿ ತೋರಿಸಿ. ಔಷಧ ಕೆಲಸ ಮಾಡುತ್ತಿಲ್ಲ ಎಂದು ನನ್ನ ಬಳಿ ಬರುವ ಅನೇಕರಲ್ಲಿ ತಪ್ಪಿರುವುದು ಔಷಧವಲ್ಲ, ಕೊಡುವ ರೀತಿ.

ಇನ್ನು ನಿಮ್ಮ ಮಾಲೀಕರ ಮಾತು. ಬಟ್ಟೆ ಒಳಗೆ ಒಣಗಿಸುವುದರಿಂದ ತೇವ ಹೆಚ್ಚುವುದು ನಿಜ. ಒಂದು ಬಕೆಟ್ ಒಗೆದ ಬಟ್ಟೆ ಒಣಗುವಾಗ ಒಂದೆರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಅಡುಗೆ, ಸ್ನಾನ, ನಮ್ಮ ಉಸಿರು ಎಲ್ಲವೂ ಅದಕ್ಕೆ ಕೂಡಿಕೊಳ್ಳುತ್ತವೆ. ಆದರೆ ಒಣಗಿಸುವ ಬಟ್ಟೆಯ ತೇವ ಗೋಡೆಯ ಬುಡದಿಂದ ಮೇಲಕ್ಕೆ ಮೊಣಕಾಲೆತ್ತರದವರೆಗೆ ಮಾತ್ರ ಸಾಲುಗಟ್ಟಿ ಹತ್ತುವುದಿಲ್ಲ, ಉಪ್ಪನ್ನು ಹೊರಗೆ ತರುವುದೂ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಮೂರು ಬೇರೆ ಬೇರೆ ನೀರು ಕಾಣುತ್ತಿವೆ, ಮತ್ತು ಮೂರಕ್ಕೂ ಒಂದೇ ಬಣ್ಣದ ಡಬ್ಬಿಯಿಂದ ಪರಿಹಾರ ಹುಡುಕಿದ್ದೇ ಕಳೆದ ವರ್ಷದ ಖರ್ಚು ವ್ಯರ್ಥವಾಗಲು ಕಾರಣ.

ಮೊಣಕಾಲೆತ್ತರದವರೆಗಿನ ಬಿಳಿ ಪುಡಿ ನೆಲದಿಂದ ಏರಿದ ನೀರಿನ ಗುರುತು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಇಟ್ಟಿಗೆ ಮತ್ತು ಗಾರೆ ಮಣ್ಣಿನ ತೇವವನ್ನು ಎಳೆದುಕೊಳ್ಳುತ್ತವೆ. ಅದನ್ನು ತಡೆಯಲೆಂದೇ ಪಾಯದ ಮೇಲೆ, ಗೋಡೆ ಏಳುವ ಮೊದಲು, ಮೇಸ್ತ್ರಿಗಳು ಡಿಪಿಸಿ ಎಂದು ಕರೆಯುವ ತೇವ ತಡೆಯುವ ಪದರವನ್ನು ಹಾಕಬೇಕು. ಹಣ ಉಳಿಸಲು ಅದನ್ನು ಬಿಟ್ಟಿದ್ದರೆ, ಅಥವಾ ರಸ್ತೆಗೆ ಪದೇ ಪದೇ ಡಾಂಬರು ಹಾಕಿ ಹೊರಗಿನ ನೆಲವೇ ಆ ಪದರಕ್ಕಿಂತ ಮೇಲೆ ಬಂದಿದ್ದರೆ, ನೀರಿಗೆ ದಾರಿ ಸಲೀಸು. ನೀರು ಆವಿಯಾದ ಜಾಗದಲ್ಲಿ ಮಣ್ಣಿನ ಲವಣ ಉಳಿದು ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಇಂತಹ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರು ನಿಲ್ಲುವುದಿಲ್ಲ. ಆವಿಯಾಗಿ ಹೊರಬರುವ ದಾರಿ ಮುಚ್ಚಿದ್ದರಿಂದ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ, ಇಲ್ಲವೇ ಇನ್ನೂ ಒಂದಡಿ ಮೇಲೆ ಹತ್ತುತ್ತದೆ. ಸೂರಿನ ಕಲೆ ಮೇಲಿನ ಬಚ್ಚಲಿನ ಸೋರಿಕೆ. ಮಳೆಯಿಲ್ಲದ ಮಾರ್ಚಿಯಲ್ಲೂ ಅದು ಬೆಳೆಯುತ್ತಿದ್ದರೆ ಪೈಪಿನದ್ದೋ ನೆಲಹಾಸಿನ ಸಂದಿನದ್ದೋ ದೋಷ ಎಂಬುದರಲ್ಲಿ ಅನುಮಾನವಿಲ್ಲ. ಬೀರುವಿನ ಹಿಂದಿನ ಬೂಷ್ಟು ಮೂರನೆಯ ಬಗೆಯದು. ಕೋಣೆಯ ತೇವದ ಗಾಳಿ ತಣ್ಣನೆಯ ಹೊರಗೋಡೆಯನ್ನು ತಾಗಿ, ಗಾಳಿ ಚಲಿಸದ ಮೂಲೆಯಲ್ಲಿ ಅಲ್ಲಿಯೇ ನೀರಾಗಿ ನಿಲ್ಲುತ್ತದೆ.

ಇವನ್ನು ಬೇರ್ಪಡಿಸಿ ನೋಡಲು ಒಂದು ಸುಲಭ ಉಪಾಯವಿದೆ. ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆಯನ್ನು ಒಂದು ಚದರಡಿಯಷ್ಟು ಕತ್ತರಿಸಿ, ಗೋಡೆಯ ಆ ಭಾಗವನ್ನು ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಕಡೆಯ ಮೈ ಒದ್ದೆಯಾದರೆ ನೀರು ಗಾಳಿಯದು, ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯದು. ಬುಡದಲ್ಲೊಂದು, ಬೀರುವಿನ ಹಿಂದೊಂದು ಅಂಟಿಸಿ, ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮಾಲೀಕರೊಂದಿಗೆ ಮಾತನಾಡುವಾಗ ವಾದಕ್ಕಿಂತ ಈ ಎರಡು ಹಾಳೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಥಂಡಿ ಹೋಗಲೆಂದು ಹಾಕುವ ಸಾಂಬ್ರಾಣಿ ಹೊಗೆಯಿಂದ ಥಂಡಿ ಹೋಗುವುದಿಲ್ಲ. ಹೊಗೆಗೆ ಗೋಡೆಯನ್ನು ಒಣಗಿಸುವ ಶಕ್ತಿಯಿಲ್ಲ. ಬೂಷ್ಟಿನ ವಾಸನೆ ಮರೆಯಾಗುತ್ತದೆ ಅಷ್ಟೆ, ಮಗುವಿನ ಶ್ವಾಸನಾಳಕ್ಕೆ ಮಾತ್ರ ಹೊಸದೊಂದು ಹೊರೆ. ಸೊಳ್ಳೆ ಬತ್ತಿಯ ವಿಷಯ ಇನ್ನೂ ಗಂಭೀರ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಲ್ಲಿ, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳ ಹೊಗೆಯಷ್ಟು. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿಮ್ಮ ಮಗ ಅದನ್ನು ರಾತ್ರಿಯಿಡೀ ಉಸಿರಾಡುತ್ತಾನೆ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಡೆಂಗಿಯ ಊರಿನಲ್ಲಿ ಸೊಳ್ಳೆಯಿಂದ ಮಗುವನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಆದ್ದರಿಂದ ಬತ್ತಿಯ ಬದಲು ಕಿಟಕಿಗೆ ಜಾಲರಿ ಹಾಕಿಸಿ, ಹಾಸಿಗೆಗೆ ಸೊಳ್ಳೆ ಪರದೆ ಕಟ್ಟಿ. ಜಾಲರಿ ಇದ್ದರೆ ಕಿಟಕಿ ತೆರೆಯಬಹುದು, ಕಿಟಕಿ ತೆರೆದರೆ ಬೀರುವಿನ ಹಿಂದಿನ ತೇವವೂ ಕಡಿಮೆಯಾಗುತ್ತದೆ. ನಿಮ್ಮ ಮನೆಯಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ನಿಮ್ಮ ಕೈಯಲ್ಲಿಯೇ ಆಗುವ ಇನ್ನಷ್ಟು ಕೆಲಸಗಳಿವೆ. ಬೀರುವನ್ನು ಗೋಡೆಯಿಂದ ನಾಲ್ಕೈದು ಬೆರಳು ದೂರ ಸರಿಸಿ, ಸಾಧ್ಯವಾದರೆ ಒಳಗೋಡೆಯ ಪಕ್ಕಕ್ಕೆ ಇಡಿ. ಮಗುವಿನ ಹಾಸಿಗೆಯನ್ನು ತೇವದ ಗೋಡೆಗೆ ತಾಗಿಸಬೇಡಿ. ದಿಂಬಿನ ಕವಚ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ತಾರಸಿಯ ಬಿಸಿಲಿಗೆ ಹಾಕಿ, ಬಟ್ಟೆಗಳನ್ನೂ ಅಲ್ಲಿಯೇ ಒಣಗಿಸಲು ಮಾಲೀಕರಲ್ಲಿ ಅನುಮತಿ ಕೇಳಿ. ಅಡುಗೆಯ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲಿ. ಬೂಷ್ಟನ್ನು ಒಣ ಬಟ್ಟೆಯಿಂದ ಉಜ್ಜಿದರೆ ಬೀಜಕಣಗಳು ಕೋಣೆಯೆಲ್ಲ ಹರಡುತ್ತವೆ. ಮಗುವನ್ನು ಹೊರಗೆ ಕಳುಹಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಿಂದ ಒದ್ದೆಯಾಗಿಯೇ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ಬ್ಲೀಚ್ ಬಳಸುವುದಾದರೆ ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಯಾವ ಕಾರಣಕ್ಕೂ ಬೆರೆಸಬೇಡಿ, ಹುಟ್ಟುವುದು ಕ್ಲೋರಿನ್ ಅನಿಲ. ಏರ್ ಪ್ಯೂರಿಫೈಯರ್ ಗಾಳಿಯಲ್ಲಿ ತೇಲುವ ಕಣಗಳನ್ನು ಕಡಿಮೆ ಮಾಡೀತು, ಆದರೆ ಗೋಡೆಯಲ್ಲಿ ಕಾರ್ಖಾನೆ ನಡೆಯುತ್ತಿರುವಾಗ ಅದರ ಬೆಲೆಗೆ ತಕ್ಕ ಪ್ರಯೋಜನ ಸಿಗದು. ಮನೆಯೊಳಗಿನ ಗಿಡಗಳಿಂದ ಗಾಳಿ ಶುದ್ಧವಾಗುತ್ತದೆ ಎಂಬ ನಂಬಿಕೆಗೆ ವಾಸದ ಮನೆಗಳಲ್ಲಿ ಆಧಾರವಿಲ್ಲ, ಕುಂಡದ ಒದ್ದೆ ಮಣ್ಣು ತೇವವನ್ನೇ ಹೆಚ್ಚಿಸುತ್ತದೆ.

ಮಾಲೀಕರು ಮಾಡಬೇಕಾದ ಕೆಲಸ ಬೇರೆಯೇ ಇದೆ. ಮೇಲಿನ ಬಚ್ಚಲಿನ ಸೋರಿಕೆ ಮೊದಲು ನಿಲ್ಲಬೇಕು. ಗೋಡೆಯ ಹೊರಬದಿಯಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಆಮೇಲೂ ಬುಡದ ತೇವ ಉಳಿದರೆ ಗೋಡೆಗೆ ಸಾಲಾಗಿ ರಂಧ್ರ ಕೊರೆದು ನೀರು ಹೀರದಂತೆ ಮಾಡುವ ರಾಸಾಯನಿಕ ತುಂಬಿಸುವ ವಿಧಾನವಿದೆ. ಬಲ್ಲವರು ಮಾಡಿದರೆ ಫಲ ಸಿಗುತ್ತದೆ, ಅರೆಬರೆ ಮಾಡಿದರೆ ಹಣ ಹೋಗುತ್ತದೆ. ಗೋಡೆ ಒಣಗಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಪುಟ್ಟಿ ಮತ್ತು ಬಣ್ಣ ಬೇಡ. ಒಂದು ಎಚ್ಚರಿಕೆ: ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಕಟ್ಟಡ ಅದಕ್ಕಿಂತ ಹಳೆಯದಾಗಿದ್ದರೆ ಹಳೆಯ ಬಣ್ಣ ಕೆರೆಯುವ ದಿನಗಳಲ್ಲಿ ಮಗು ಆ ಮನೆಯಲ್ಲಿ ಇರಬಾರದು.

ಊರಿನಲ್ಲಿ ಬಿಡುವ ಯೋಚನೆಯ ಬಗ್ಗೆ ಕೇಳಿದ್ದೀರಿ. ದುರಸ್ತಿ ನಡೆಯುವ ಕೆಲವು ವಾರಗಳಿಗೆ ಅದು ಒಳ್ಳೆಯ ಏರ್ಪಾಡು. ವರ್ಷಗಟ್ಟಲೆ ಎಂದರೆ ನಾನು ಹಿಂಜರಿಯುತ್ತೇನೆ. ಐದು ವರ್ಷದ ಮಗು ತಂದೆ ತಾಯಿಯಿಂದ ದೂರವಿರುವುದರ ಬೆಲೆಯೂ ಆರೋಗ್ಯದ ಲೆಕ್ಕಕ್ಕೇ ಸೇರಬೇಕು. ಊರಿನ ಮನೆಯೆಲ್ಲ ಹಿತವೆಂದೂ ಅಲ್ಲ. ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ನೀರು ಕಾಯಿಸುವ ಮನೆಯಾದರೆ, ಆ ಹೊಗೆ ವಾಸದ ಕೋಣೆಗೆ ಬರುತ್ತದೆಯೇ ನೋಡಿಕೊಳ್ಳಿ. ಸೌದೆ ಒಲೆಯ ಹೊಗೆ ನಮ್ಮ ಹೆಂಗಸರ ಶ್ವಾಸಕೋಶಕ್ಕೆ ಮಾಡಿರುವ ಹಾನಿ ಸಣ್ಣದಲ್ಲ. ಮನೆಯೊಳಗಿನ ಇಂತಹ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಕಟ್ಟಿದ ಅಸ್ತ್ರ ಕೇಂದ್ರ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಸೌದೆ ಉಳಿಸಲು ಮತ್ತು ಈ ಕಾರಣಕ್ಕೂ, ಮತ್ತು ಮಲೆನಾಡಿನ ಕೆಲವು ಮನೆಗಳಲ್ಲಿ ಅದನ್ನು ನೋಡಿದಾಗಲೆಲ್ಲ ನನಗೆ ಆ ಕೆಲಸದ ಬಗ್ಗೆ ಗೌರವ ಹೆಚ್ಚುತ್ತದೆ.

ನಿಮ್ಮ ತಪ್ಪೇ ಎಂಬ ಎರಡನೆಯ ಪ್ರಶ್ನೆಗೆ ಈಗ ಬರುತ್ತೇನೆ. ಎರಡಡಿ ಸಂದಿಗೆ ತೆರೆಯುವ ಕಿಟಕಿ ನೀವು ಇಟ್ಟದ್ದಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ, ತೇವದ ಬಿಸಿ ಹವೆಯ ಪ್ರದೇಶದಲ್ಲಿ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು, ಮಧ್ಯಮ ಹವೆಯಲ್ಲಿ ಎಂಟನೇ ಒಂದು ಭಾಗದಷ್ಟು ಕಿಟಕಿ ತೆರಪು ಇರಬೇಕೆನ್ನುತ್ತದೆ. ವಾಸದ ಕೋಣೆಯ ಎತ್ತರ 2.75 ಮೀಟರಿಗೆ ಕಡಿಮೆಯಾಗಬಾರದು ಎನ್ನುತ್ತದೆ. ಸಂಹಿತೆ ಚೆನ್ನಾಗಿದೆ, ಆದರೆ ಇಪ್ಪತ್ತು ಮೂವತ್ತರ ನಿವೇಶನದಲ್ಲಿ ನಾಲ್ಕು ಮಹಡಿ ಏರುವಾಗ ಅದನ್ನು ಅಳೆದು ನೋಡುವವರಿಲ್ಲ. ಇದೇ ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗೆ ಜಾಗ ಬಿಟ್ಟು ಮನೆ ಕಟ್ಟುವುದು ಆಡಳಿತದ ಮೊದಲ ಕಾಳಜಿಯಾಗಿತ್ತು. ಮೊದಲೇ ಯೋಜನೆಯಾಗಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಿಗೆ ವೇಗ ಸಿಕ್ಕಿದ್ದು ಆಗಲೇ, ಮನೆಗಳ ಹಿಂದೆ ಓಣಿ ಬಿಟ್ಟದ್ದೂ ಅದೇ ದೃಷ್ಟಿಯಿಂದ. ಪಕ್ಕಾ ಮನೆ ಎಂದ ಮಾತ್ರಕ್ಕೆ ಆರೋಗ್ಯಕರ ಮನೆ ಆಗುವುದಿಲ್ಲ ಎಂಬುದಕ್ಕೆ ಮುಂಬೈನ ಗೋವಂಡಿ ಸಾಕ್ಷಿ. ಗುಡಿಸಲಿನಿಂದ ಎಬ್ಬಿಸಿ ಕಾಂಕ್ರೀಟ್ ಕಟ್ಟಡಗಳಿಗೆ ತಂದ ಕುಟುಂಬಗಳಲ್ಲಿ, ಕಟ್ಟಡಗಳು ಒತ್ತೊತ್ತಾಗಿ ನಿಂತು ಬಿಸಿಲು ಗಾಳಿ ಕಾಣದ ಕೆಳಮಹಡಿಗಳಲ್ಲಿಯೇ ಕ್ಷಯ ಹೆಚ್ಚಿದ್ದುದು 2018ರ ಅಧ್ಯಯನದಲ್ಲಿ ಕಂಡುಬಂತು. ಆಶ್ರಯ ಮನೆಗಳಾಗಲಿ, ಕನಿಷ್ಠ 25 ಚದರ ಮೀಟರ್ ಇರಬೇಕೆನ್ನುವ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಮನೆಗಳಾಗಲಿ, ಎಷ್ಟು ಕಟ್ಟಿದೆವು ಎಂಬ ಎಣಿಕೆಯೊಂದಿಗೆ ಎಷ್ಟರಲ್ಲಿ ಗಾಳಿಯಾಡುತ್ತದೆ ಎಂಬುದನ್ನೂ ಎಣಿಸುವ ಕಾಲ ಬರಬೇಕು ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಬಾಡಿಗೆದಾರರ ಜೀವನ ಕ್ರಮವೇ ಬೂಷ್ಟಿಗೆ ಕಾರಣ ಎಂಬ ಮಾತನ್ನು ಕೇಳಿದಾಗ ನನಗೆ ಇಂಗ್ಲೆಂಡಿನ ರಾಚ್‌ಡೇಲ್ ನೆನಪಾಗುತ್ತದೆ. ಅಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದ ಉಸಿರಾಟದ ತೊಂದರೆಯಾಗಿ ತೀರಿಕೊಂಡಿತು. ತಂದೆ ತಾಯಿ ವರ್ಷಗಳಿಂದ ದೂರು ಕೊಟ್ಟಿದ್ದರೂ ಅವರ ಜೀವನ ಕ್ರಮದ ಮೇಲೆಯೇ ಬೊಟ್ಟು ಮಾಡಲಾಗಿತ್ತು. ಆ ಮಗುವಿನ ಹೆಸರಿನಲ್ಲಿಯೇ ಅಲ್ಲಿ ಕಾನೂನು ಬಂದು, 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿ ಮನೆಗಳಲ್ಲಿ (ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳು) ಅಪಾಯಕಾರಿ ತೇವದ ದೂರು ಬಂದರೆ ಹತ್ತು ಕೆಲಸದ ದಿನಗಳೊಳಗೆ ತನಿಖೆ ಆಗಲೇಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ, ಕಟ್ಟಡದ ರಚನೆಯ ದುರಸ್ತಿ, ಗೋಡೆಗೆ ಸುಣ್ಣ ಬಣ್ಣ, ಪೈಪುಗಳ ಬದಲಾವಣೆ ಮಾಲೀಕರ ಹೊಣೆ ಎನ್ನುತ್ತದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಾಗಷ್ಟೇ ಅದಕ್ಕೆ ಬಲ. ಆದ್ದರಿಂದ ಸದ್ಯಕ್ಕೆ ನಿಮ್ಮ ಬಲ ಇರುವುದು ನಿಮ್ಮ ಕರಾರು ಪತ್ರದಲ್ಲಿ. ಅದನ್ನು ನವೀಕರಿಸುವಾಗ ಸೋರಿಕೆ ಮತ್ತು ತೇವದ ದುರಸ್ತಿ ಯಾರದು, ಎಷ್ಟು ದಿನದೊಳಗೆ ಎಂಬ ಎರಡು ಸಾಲು ಸೇರಿಸಲು ಕೇಳಿ. ಮಗುವಿನ ವೈದ್ಯರಿಂದ, ತೇವದ ಮನೆಯಲ್ಲಿ ಉಬ್ಬಸ ಉಲ್ಬಣಿಸುತ್ತಿದೆ ಎಂಬ ಚೀಟಿ ಬರೆಸಿಕೊಂಡು, ಅಲ್ಯೂಮಿನಿಯಂ ಹಾಳೆಯ ಫೋಟೊಗಳೊಂದಿಗೆ ಸೌಜನ್ಯದಿಂದಲೇ ಬರಹದಲ್ಲಿ ಕೊಡಿ. ಮಾಲೀಕರು ಮನೆ ಖಾಲಿ ಮಾಡಿ ಎನ್ನುವ ಅಪಾಯ ಇದರಲ್ಲಿ ಇದ್ದೇ ಇದೆ, ಅದನ್ನು ನಾನು ಮುಚ್ಚಿಡಲಾರೆ. ಕಟ್ಟಡ ಹಾಳಾಗದಿರುವುದು ಅವರಿಗೂ ಲಾಭ ಎಂಬ ದಿಕ್ಕಿನಿಂದ ಮಾತು ಶುರುಮಾಡಿದರೆ ಆ ಅಪಾಯ ಸ್ವಲ್ಪ ತಗ್ಗುತ್ತದೆ.

ಜಾಲರಿ ಹಾಕಿಸಿ, ಹೊಗೆ ನಿಲ್ಲಿಸಿ, ಇನ್‌ಹೇಲರ್ ಸರಿಯಾಗಿ ಕೊಟ್ಟು ಎರಡು ತಿಂಗಳು ನೋಡಿ. ಅವನು ರಾತ್ರಿ ಕೆಮ್ಮಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗುರುತುಗಳು ಕಡಿಮೆಯಾಗದೆ, ದುರಸ್ತಿಯೂ ಆಗದೆ ಉಳಿದರೆ ಮುಂದಿನ ಜೂನ್ ತಿಂಗಳ ಮಳೆಗೆ ಮೊದಲು ಮನೆ ಬದಲಾಯಿಸುವುದೇ ಸರಿ, ಊರಿನ ಕಡೆ ಸಾಲ ಕೇಳಿಯಾದರೂ. ಹೊಸ ಮನೆ ನೋಡಲು ಹೋದಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಗೋಡೆಯ ಬುಡದಲ್ಲಿ ಅಂಗೈ ಒತ್ತಿ ನೋಡಿ, ಕಿಟಕಿ ತೆರೆದು ಆಕಾಶ ಕಾಣುತ್ತದೆಯೇ ನೋಡಿ, ಗೀಸರ್ ಎಲ್ಲಿದೆ ಕೇಳಿ, ಬಹಳ ದಿನ ಮುಚ್ಚಿದ್ದ ಗೋಡೆ ಬೀರುವಿನ ಬಾಗಿಲು ತೆರೆದು ಒಳಗಿನ ವಾಸನೆ ಹಿಡಿಯಿರಿ. ಒಂದೆರಡು ಮೆಟ್ಟಿಲು ಹೆಚ್ಚು ಹತ್ತಬೇಕಾದರೂ ನೆಲಮಹಡಿಗಿಂತ ಮೊದಲ ಮಹಡಿಯ ಮನೆ ನಿಮ್ಮ ಮಗನಿಗೆ ಮೇಲು.